ಕೆಳಗೆ ಒತ್ತೋ ಮೆಷಿನ್

"ಕೆಳಗೆ ಒತ್ತೋಕೆ ಮಾಡಿದ್ದು ಇದು. ಪಕ್ಕಕ್ಕೆ ತಳ್ಳಬೇಡಪ್ಪಾ." ಈ ವಾರವೆಲ್ಲ ಇದೇ ಮಾತು ಕಿವಿಯಲ್ಲಿ ಕೂತಿದೆ.

ಹೇಳಿದ್ದು ನಮ್ಮ ಬೀದಿಯ ಹಿರಿಯರೊಬ್ಬರು. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೋಹ ಕಡೆಯುವ ಲೇತ್ ಮೆಷಿನ್ ಜೋಡಿಸುತ್ತಿದ್ದವರು. ಮನೆ ಹಿಂದಿನ ಶೆಡ್ಡಿಗೆ ಡ್ರಿಲ್ಲಿಂಗ್ ಮೆಷಿನ್ ನೋಡಬೇಕು, ಬರ್ತೀರಾ ಅಂದೆ. ಆಗಲೇ ಚಪ್ಪಲಿ ಮೆಟ್ಟಿದರು.

ಪಿ.ಬಿ. ರಸ್ತೆಯ ಅಂಗಡಿ. ಅಲ್ಲಿದ್ದ ಹುಡುಗ ಮಾತಿನಲ್ಲಿ ಚುರುಕು. 13 ಎಂಎಂ ಬೆಂಚ್ ಡ್ರಿಲ್ ತೋರಿಸಿ, "ಒಂದು ಕ್ರಾಸ್ ವೈಸ್ ಕೂರಿಸಿಬಿಡಿ ಸರ್, ಮಿಲ್ಲಿಂಗೂ ಆಗುತ್ತೆ" ಅಂದ. ವೈಸ್ ಅಂದರೆ ತುಂಡನ್ನು ಬಿಗಿದು ಹಿಡಿಯೋದು, ಕ್ರಾಸ್ ವೈಸನ್ನು ಅಡ್ಡಕ್ಕೂ ಉದ್ದಕ್ಕೂ ಸರಿಸಬಹುದು. ಮಿಲ್ಲಿಂಗ್ ಅಂದರೆ ತಿರುಗೋ ಕಟರ್ ಪಕ್ಕದಿಂದ ಲೋಹ ಕೆತ್ತೋದು.

ಹಿರಿಯರು ಸ್ವಿಚ್ ಕೂಡ ಹಾಕಲಿಲ್ಲ. ಹ್ಯಾಂಡಲ್ ಎಳೆದು, ಮೇಲೆ ಕೆಳಗೆ ಆಡೋ ಕೊಳವೆ ಕ್ವಿಲ್ಲನ್ನು ಪೂರ್ತಿ ಇಳಿಸಿದರು. ಅದರ ತುದಿಯಲ್ಲಿ ಬಿಟ್ ಕಚ್ಚಿಕೊಳ್ಳೋ ಚಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರು. ಟಕ್ ಟಕ್ ಅಂತ ಸಣ್ಣ ಸದ್ದು. "ಕೇಳಿಸ್ತಾ?" ನನ್ನ ಕೈಯನ್ನೂ ಅದರ ಮೇಲೆ ಇಟ್ಟರು. ಕಣ್ಣಿಗೆ ಕಾಣದ ಆಟ ಬೆರಳಿಗೆ ಗೊತ್ತಾಯಿತು. ಆಮೇಲೆ ಬಂತು ಆ ಮಾತು.

ಡ್ರಿಲ್ಲಿನಲ್ಲಿ ಚಕ್ ನಿಂತಿರೋದು ಬರೀ ಟೇಪರ್, ಅಂದರೆ ತುದಿಗೆ ಸಣ್ಣಗಾಗುವ ಜೋಡಣೆಯ ಹಿಡಿತದ ಮೇಲೆ. ಕೆಳಗೆ ಒತ್ತಿದಷ್ಟೂ ಬಿಗಿಯಾಗುತ್ತೆ. ಮಿಲ್ಲಿಂಗ್ ಕಟರ್ ಹಾಗಲ್ಲ, ಅಡ್ಡ ಹೊಡೆತ ಕೊಡುತ್ತದೆ. ಅದುರಿ ಅದುರಿ ಟೇಪರ್ ಸಡಿಲಾದರೆ ತಿರುಗುತ್ತಿರುವಾಗಲೇ ಚಕ್ ಕಳಚಿ ಬೀಳಬಹುದು. ಮಿಲ್ಲಿಂಗ್ ಮೆಷಿನ್‌ನಲ್ಲಿ ಡ್ರಾಬಾರ್ ಅಂತ ಉದ್ದದ ಬೋಲ್ಟ್ ಮೇಲಿಂದ ಎಳೆದು ಹಿಡಿದಿರುತ್ತದೆ. ಬೇರಿಂಗೂ ಅಡ್ಡ ಭಾರ ತಡೆಯುವಂಥದ್ದು. ಇದನ್ನೆಲ್ಲ ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿಕೊಡದೆ ಮಾರಲು ನಿಲ್ಲಿಸಿದವರ ಮೇಲಿದೆ. ಯಾರದೋ ಬೆರಳು ಹೋದರೆ?

"ನಿನಗೆ ತೂತು ಜಾಸ್ತಿನೋ, ಸ್ಲಾಟ್ ಜಾಸ್ತಿನೋ?" ಅಂತ ಕೇಳಿದರು. ಸ್ಲಾಟ್ ಅಂದರೆ ಉದ್ದನೆಯ ಸೀಳು, ಅದಕ್ಕೆ ಮಿಲ್ಲಿಂಗ್ ಬೇಕು. ಚನ್ನಗಿರಿ ಕಡೆಯ ಅಡಿಕೆ ಸುಲಿಯೋ ಮೆಷಿನ್‌ಗಳಿಗೆ ಬ್ರಾಕೆಟ್, ಪಟ್ಟಿ ಮಾಡಿಕೊಡುತ್ತೇನೆ. ಎಲ್ಲ ತೂತಿನ ಕೆಲಸವೇ. "ಹಾಗಾದ್ರೆ ಸ್ಲಾಟ್ ಹೊರಗೆ ಮಾಡಿಸು. ಉಳಿದ ದುಡ್ಡಿಗೆ ಒಳ್ಳೆ ವೈಸ್ ತಗೋ." ಪಕ್ಕದ 20 ಎಂಎಂ ಪಿಲ್ಲರ್ ಡ್ರಿಲ್ಲಿನ ಮುಚ್ಚಳ ತೆಗೆದು ಬೆಲ್ಟ್ ಪುಲ್ಲಿ ನೋಡಿದರು. 10 ಎಂಎಂ ಬಿಟ್‌ಗೆ ಮೈಲ್ಡ್ ಸ್ಟೀಲ್‌ನಲ್ಲಿ ನಿಮಿಷಕ್ಕೆ ಸುಮಾರು 800 ಸುತ್ತು, 20ಕ್ಕೆ ಅದರ ಅರ್ಧ. ಅಷ್ಟು ನಿಧಾನಕ್ಕೆ ಇಳಿಯದಿದ್ದರೆ ಬಿಟ್ ಸುಟ್ಟೇ ಹೋಗುತ್ತದೆ ಅಂದರು. ಇದು ಇಳಿಯುತ್ತಿತ್ತು. ಕ್ವಿಲ್ ಇಳಿಸಿ ಅಲ್ಲಾಡಿಸಿದರೆ ಸದ್ದೇ ಇಲ್ಲ. ಅದನ್ನೇ ತಗೊಂಡೆ.

ಮೆಷಿನ್ ಬಂತು, ಸರಿ. ಆದರೆ ನನ್ನನ್ನು ಕಾಡುತ್ತಿರೋದು ಆ ಕೈ. 1941ರಲ್ಲಿ ಶುರುವಾದ ಕಾರ್ಖಾನೆ ಆ ಕಿರ್ಲೋಸ್ಕರ್, ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲಿ ದುಡಿದವರು ಹರಿಹರ, ದಾವಣಗೆರೆಯ ಮನೆಗಳಲ್ಲಿ ಸುಮ್ನೆ ಕೂತಿದ್ದಾರೆ. ದಾರಿಯುದ್ದಕ್ಕೂ ನಮ್ಮ ಹಿರಿಯರು ಲೇತ್ ಬೆಡ್, ಅಂದರೆ ಮೆಷಿನ್ನಿನ ತಳದ ಹಳಿ, ಕೆರೆದು ಸಮ ಮಾಡೋದನ್ನೇ ಹೇಳಿದರು. ನೀಲಿ ಬಣ್ಣ ಹಚ್ಚಿದ ಪಟ್ಟಿಯನ್ನು ಬೆಡ್ ಮೇಲೆ ಉಜ್ಜೋದು. ಬಣ್ಣ ಹತ್ತಿದ ಕಡೆ ಉಬ್ಬಿದೆ ಅಂತ ಲೆಕ್ಕ. ಅಷ್ಟನ್ನೇ ಸ್ಕ್ರೇಪರ್‌ನಲ್ಲಿ ಕೆರೆಯೋದು. ಮತ್ತೆ ಉಜ್ಜೋದು, ಮತ್ತೆ ಕೆರೆಯೋದು. ಹೇಳುವಾಗ ಬಲಗೈ ತಾನಾಗಿ ಆಡುತ್ತಿತ್ತು. ಇಷ್ಟು ಕಲಿತವರನ್ನು ನಾವು ವಯಸ್ಸಾದವರು ಅಂತ ಜಗಲಿಯಲ್ಲಿ ಕೂರಿಸಿ ಮಾತಾಡಿಸದೆ ಹೋಗ್ತೀವಲ್ಲ, ಹೊಟ್ಟೆ ಉರಿಯುತ್ತೆ.

ಅಣ್ಣನ ಮಗ ಐಟಿಐ ಓದುತ್ತಿದ್ದಾನೆ. ಭಾನುವಾರ ಕಳಿಸಲಾ ಅಂತ ಕೇಳಿದೆ. "ಸ್ಕ್ರೇಪರ್ ಇನ್ನೂ ಇಟ್ಟಿದ್ದೀನಿ. ಒಂದು ಬೀಡು ಕಬ್ಬಿಣದ ತುಂಡು ತರೋಕೆ ಹೇಳು" ಅಂದರು.