ಗುರುಗ್ರಾಮದಲ್ಲಿ ಎದುರಾದ ಬಳ್ಳಾರಿ ಜಾಲಿ

ಮಗಳ ಮನೆಗೆಂದು ಗುರುಗ್ರಾಮಕ್ಕೆ ಹೋಗಿದ್ದೆ. ಜುಲೈ ತಿಂಗಳ ಒಂದು ಭಾನುವಾರ ಬೆಳಗ್ಗೆ ಐದೂವರೆಗೇ ಎಬ್ಬಿಸಿದಳು. "ಅಪ್ಪಾ, ಏಳು. ಬಿಸಿಲು ಏರೋಕೆ ಮುಂಚೆ ಕಾಡಿಗೆ ಹೋಗಿಬರೋಣ."

ಈ ಊರಲ್ಲಿ ಕಾಡಾ? ಗುರು ದ್ರೋಣಾಚಾರ್ಯ ಮೆಟ್ರೊ ಸ್ಟೇಷನ್ ದಾಟಿ ಆಟೊ ಸ್ವಲ್ಪ ದೂರ ಹೋಯಿತು, ಅಷ್ಟೇ. ಅರಾವಳಿ ಜೀವವೈವಿಧ್ಯ ಉದ್ಯಾನದ ಗೇಟು ಬಂತು.

ಒಳಗೆ ಹೋಗುತ್ತಿದ್ದಂತೆ ಕಣ್ಣಿಗೆ ಬಿದ್ದದ್ದು ನಮ್ಮ ಬಳ್ಳಾರಿ ಜಾಲಿ! ನಾನು ಕೊಪ್ಪಳದ ಕಡೆಯವನು. ನಮ್ಮಲ್ಲಿ ಒಲೆಗೆ ಅದೇ ಕಟ್ಟಿಗೆ, ಬೇಲಿಗೆ ಅದೇ ಮುಳ್ಳು. ಇಲ್ಲಿ ಅದಕ್ಕೆ ವಿಲಾಯತಿ ಕೀಕರ್ ಅನ್ನುತ್ತಾರೆ. ಮೂಲ ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯದು. ಬ್ರಿಟಿಷರ ಕಾಲದಲ್ಲಿ ದಿಲ್ಲಿಯ ಗುಡ್ಡಗಳಿಗೆ ಬಂತು. ಬೇರೂರಿತು ಅಂದರೆ ಬೇರೆ ಗಿಡಕ್ಕೆ ಜಾಗ ಬಿಡುವುದಿಲ್ಲ.

ಈ ಸುಮಾರು 380 ಎಕರೆ ಜಾಗ ಹಿಂದೆ ಕಲ್ಲು ಕ್ವಾರಿಯಾಗಿತ್ತು. ಗುಂಡಿ ಮತ್ತು ಜಾಲಿ, ಉಳಿದದ್ದು ಇಷ್ಟೇ. 2010ರಲ್ಲಿ 'ಐ ಆಮ್ ಗುರ್‌ಗಾಂವ್' ಅನ್ನುವ ನಾಗರಿಕರ ಗುಂಪು ನಗರಪಾಲಿಕೆಯ ಜೊತೆ ಸೇರಿ ಕೆಲಸ ಶುರು ಮಾಡಿತು. ಸುಮ್ನೆ ಹೂವಿನ ಗಿಡ ನೆಡಲಿಲ್ಲ. ಅರಾವಳಿಯಲ್ಲಿ ಮೊದಲು ಏನಿತ್ತೋ ಅದನ್ನೇ ಹುಡುಕಿದರು. ಪರಿಸರ ತಜ್ಞ ವಿಜಯ್ ಧಸ್ಮಾನಾ ಅವರಿಗೆ ಮಾದರಿಯಾಗಿ ಸಿಕ್ಕಿದ್ದು ಹತ್ತಿರದ ಮಾಂಗರ್ ಬನಿ. ಅದು ಊರವರೇ ಕಾಯ್ದುಕೊಂಡು ಬಂದ ದೇವರಕಾಡು. ಬೀಜ ತಂದು ನರ್ಸರಿ ಮಾಡಿದರು. ಶಾಲೆ ಮಕ್ಕಳು, ಆಫೀಸಿನವರು, ಅಕ್ಕಪಕ್ಕದ ಮನೆಯವರು ಬಂದು ಮಳೆಗಾಲದಲ್ಲಿ ಸಸಿ ನೆಟ್ಟರು.

ದಾರಿ ಪಕ್ಕದಲ್ಲಿ ಹಿರಿಯರೊಬ್ಬರು ಜಾಲಿಯ ಬುಡ ಅಗೆಯುತ್ತಿದ್ದರು. ನಿಂತು ನೋಡಿದೆ. ಕಾಂಡ ಕಡಿದು ಬಿಡಲಿಲ್ಲ ಅವರು. ಮಣ್ಣು ಬಗೆದು, ಬೇರು ಶುರುವಾಗುವ ಗಂಟಿನ ಕೆಳಗೆ ಗುದ್ದಲಿ ಇಟ್ಟರು. "ಈ ಗಂಟು ಉಳಿದರೆ ಮತ್ತೆ ಚಿಗುರುತ್ತೆ" ಅಂದರು ಹಿಂದಿಯಲ್ಲಿ. ನಮ್ಮ ಹೊಲದ ಬದುವಿನಲ್ಲಿ ವರ್ಷವರ್ಷವೂ ಕಡಿದು ಸೋತದ್ದು ನೆನಪಾಯಿತು. ಗುದ್ದಲಿ ಇಸಿದುಕೊಂಡು ನಾನೂ ಒಂದು ಬುಡ ಕಿತ್ತೆ. ಅರ್ಧ ಗಂಟೆ ಹಿಡಿಯಿತು.

ಆಮೇಲೆ ಅವರೇ ಧೌ ಗಿಡ ತೋರಿಸಿದರು. ನಮ್ಮ ದಿಂಡಿಗದ ದಾಯಾದಿ ಅದು. ಆಡು, ದನ ಮೇಯುವ ಕಡೆ ಚಾಪೆ ಹಾಸಿದಂತೆ ನೆಲಕ್ಕೆ ಅಂಟಿಕೊಂಡು ಬದುಕುತ್ತದಂತೆ. ಮೇಯುವುದು ನಿಂತರೆ ಎದ್ದು ಮರವಾಗುತ್ತದೆ. ಚಿಕ್ಕ ಎಲೆ, ಬಾಗಿದ ತೆಳು ಕೊಂಬೆ. ಕೈಯಲ್ಲಿ ಹಿಡಿದರೆ ಮಳೆನೀರು ಜಾರಿ ಅಂಗೈ ತುಂಬಿತು. ಎಲ್ಲೋ ಗೌಜಲಹಕ್ಕಿ ಒಂದೇ ಸಮನೆ ಕೂಗುತ್ತಿತ್ತು.

2019ರಲ್ಲಿ ಇದರ ನಡುವೆ ಹೆದ್ದಾರಿ ಹಾಕುವ ಮಾತು ಬಂದಾಗ ಜನ ಬೀದಿಗಿಳಿದರು. ತಾವೇ ನೆಟ್ಟ ಮರ, ಸುಮ್ಮನಿರ್ತಾರಾ? 2022ರಲ್ಲಿ ದೇಶದ ಮೊದಲ ಓಇಸಿಎಂ ತಾಣ ಅಂತ ಇದಕ್ಕೆ ಮಾನ್ಯತೆ ಸಿಕ್ಕಿತು. ಅಂದರೆ ಅಭಯಾರಣ್ಯ ಅಲ್ಲದಿದ್ದರೂ ಜೀವವೈವಿಧ್ಯ ಕಾಪಾಡುವ ಜಾಗ. ನನಗೆ ಮಾತ್ರ ಆ ಹಿರಿಯರ ಗುದ್ದಲಿಯೇ ದೊಡ್ಡದಾಗಿ ಕಂಡಿತು.

ವಾಪಸು ಬರುವಾಗ ಗುಂತಕಲ್ ದಾಟಿದ ಮೇಲೆ ರೈಲಿನ ಎರಡೂ ಕಡೆ ಜಾಲಿಯೋ ಜಾಲಿ. ನಡುವೆ ಎಲ್ಲಾದರೂ ಒಂದು ಮುತ್ತುಗ ಕಾಣುತ್ತದಾ ಅಂತ ಕೊಪ್ಪಳ ಬರುವವರೆಗೂ ಕಿಟಕಿ ಬಿಟ್ಟು ಏಳಲಿಲ್ಲ.