ನೆರಳನ್ನು ಮೊದಲು ಬರೆಯಬೇಕು: ಬಯಲಿನಲ್ಲಿ ಕುಳಿತು ಚಿತ್ರ ಬರೆಯುವ ಕೆಲಸದ ಅನುಭವ

ಊರೂರು ಸುತ್ತಿ, ಅಲ್ಲಿನ ಬೀದಿ, ಗುಡಿ, ಹಳೆಯ ಕಟ್ಟಡಗಳನ್ನು ಸ್ಥಳದಲ್ಲಿಯೇ ಕುಳಿತು ಜಲವರ್ಣದಲ್ಲಿ ಬರೆಯುವುದು ನನ್ನ ವೃತ್ತಿ. ಕಟ್ಟಡ ನಿಂತಲ್ಲೇ ನಿಂತಿರುತ್ತದೆ, ನೆರಳು ಮಾತ್ರ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ನೆರಳನ್ನೇ ಮೊದಲು ಬರೆಯಬೇಕು ಎಂಬುದು ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ. ಅದು ಮನದಟ್ಟಾದದ್ದು ಚಿತ್ರದುರ್ಗದ ಕೋಟೆಯಲ್ಲಿ.

ಏಳು ಸುತ್ತಿನ ಆ ಕೋಟೆಯ ಬಾಗಿಲುಗಳಿಗೆ ನೇರ ದಾರಿಯಿಲ್ಲ. ಶತ್ರುಸೈನ್ಯ ಒಂದೇ ಓಟಕ್ಕೆ ಒಳನುಗ್ಗದಂತೆ ಹಾದಿಯನ್ನು ತಿರುವು ತಿರುವಾಗಿ ಕಟ್ಟಿದ್ದಾರೆ. ರಕ್ಷಣೆಗಾಗಿ ಮಾಡಿದ ಈ ಏರ್ಪಾಡಿನಿಂದ, ನಿಂತ ಜಾಗದಲ್ಲಿಯೇ ಒಂದು ಗೋಡೆ ಬಿಸಿಲಿಗೂ ಅದಕ್ಕೆ ತಾಗಿದ ಇನ್ನೊಂದು ನೆರಳಿಗೂ ಮುಖಮಾಡಿರುವುದು ಕಾಣುತ್ತದೆ. ಚಿತ್ರ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುವುದರಿಂದ, ಬಾಗಿಲವಾಡದ ಕೆತ್ತನೆಯನ್ನು ಪೆನ್ಸಿಲಿನಲ್ಲಿ ತಿದ್ದುತ್ತ ಕುಳಿತರೆ ಅಷ್ಟರಲ್ಲಿ ಗೋಡೆಯ ಮೇಲಿನ ನೆರಳಿನ ಅಂಚು ಎಲ್ಲಿಗೋ ಹೋಗಿರುತ್ತದೆ. ಹೀಗಾಗಿ ನಾನು ಕಟ್ಟಡದ ಹೊರರೇಖೆಯನ್ನು ಸ್ಥೂಲವಾಗಿ ಹಾಕಿದ ಕೂಡಲೇ ನೆರಳಿನ ಅಂಚುಗಳನ್ನು ಗುರುತಿಸಿ, ಅವನ್ನೆಲ್ಲ ಒಂದೇ ಹದದಲ್ಲಿ ತುಂಬಿಬಿಡುತ್ತೇನೆ. ಆಮೇಲೆ ಬಿಸಿಲು ಎಷ್ಟೇ ಬದಲಾದರೂ ಆ ನೆರಳನ್ನು ಮುಟ್ಟುವುದಿಲ್ಲ. ಚಿತ್ರದುರ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯ ವೇಳೆಗೆ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಗಳು ಚಪ್ಪಟೆಯಾಗಿ ಕಾಣುವುದರಿಂದ ಬೆಳಗಿನ ಹೊತ್ತೇ ಕೆಲಸಕ್ಕೆ ಯೋಗ್ಯ.

ಕಲ್ಲಿನ ಬಣ್ಣದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಗಾರೆಯ ಹಂಗಿಲ್ಲದೆ ಕೂಡಿಸಿದ ಆ ಗ್ರಾನೈಟ್ ಕಲ್ಲುಗಳನ್ನು ಬರೀ ಬೂದು ಎಂದು ತಿಳಿದು ಕಪ್ಪಿಗೆ ನೀರು ಬೆರೆಸಿ ಬಳಿದರೆ ಗೋಡೆ ನಿರ್ಜೀವವಾಗುತ್ತದೆ. ಅಲ್ಟ್ರಾಮರೀನ್ ಎಂಬ ಗಾಢ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಬೇಕಾದ ಬೂದು ಸಿಗುತ್ತದೆ. ಗೋಡೆಯ ಬುಡದಲ್ಲಿ, ಬಿಸಿಲು ಬಿದ್ದ ನೆಲದ ಬೆಳಕು ಮೇಲಕ್ಕೆ ಚಿಮ್ಮುವುದರಿಂದ, ನೆರಳಿಗೂ ಕೆಂಚು ಛಾಯೆ ಇರುತ್ತದೆ. ಮೇಲಕ್ಕೆ ಹೋದಂತೆ ಆಕಾಶದ ನೀಲಿ ಸೇರುತ್ತದೆ. ಈ ಒಂದು ವ್ಯತ್ಯಾಸವನ್ನು ತೋರಿಸಿದರೆ ಸಾಕು, ಕಲ್ಲುಗಳನ್ನು ಒಂದೊಂದಾಗಿ ಎಣಿಸಿ ಬರೆಯಬೇಕಾಗಿಲ್ಲ. ಕಾಗದದ ಮೇಲೆ ಮಾತ್ರ ಬಿಸಿಲು ಬೀಳಬಾರದು. ಬಿಸಿಲಿನಲ್ಲಿ ಪ್ರತಿ ಬಣ್ಣವೂ ತಿಳಿಯಾಗಿ ಕಾಣುವುದರಿಂದ ಕೈ ತಾನಾಗಿ ಗಾಢ ಮಾಡುತ್ತದೆ, ಮನೆಯೊಳಗೆ ನೋಡಿದಾಗ ಚಿತ್ರ ಮಂಕಾಗಿರುತ್ತದೆ.

ದಾವಣಗೆರೆಯ ಮಂಡಿಪೇಟೆಯಲ್ಲಿ ಕೆಲಸದ ರೀತಿಯೇ ಬೇರೆ. ಅಲ್ಲಿ ನೆರಳಿನ ಜೊತೆಗೆ ಜನ, ತಳ್ಳುಗಾಡಿ, ಆಟೋ ಎಲ್ಲವೂ ಸರಿಯುತ್ತವೆ. ಸಮತಟ್ಟಾದ ರಸ್ತೆಯಲ್ಲಿ ನಿಂತು ಬರೆಯುವಾಗ, ಹತ್ತಿರದವರಿರಲಿ ದೂರದವರಿರಲಿ, ನಮ್ಮಷ್ಟೇ ಎತ್ತರದವರ ತಲೆಗಳು ಕಣ್ಣಿನ ಮಟ್ಟದ ಗೆರೆಗೇ ಬರುತ್ತವೆ. ಕುಳಿತು ಬರೆದರೆ ಆ ಗೆರೆ ಅವರ ಎದೆಗೋ ಸೊಂಟಕ್ಕೋ ಇಳಿಯುತ್ತದೆ. ಇದನ್ನು ಅರಿತಿದ್ದರೆ ಯಾರನ್ನೂ ನಿಲ್ಲಿಸಿಕೊಳ್ಳದೆ ಜನಜಂಗುಳಿಯನ್ನು ಬರೆಯಬಹುದು. ಕೂರುವ ಮೊದಲು ಅಂಗಡಿಯವರನ್ನು ಕೇಳುವುದು ಮರ್ಯಾದೆಯಷ್ಟೇ ಅಲ್ಲ, ಕೆಲಸಕ್ಕೂ ಅಗತ್ಯ. "ಯಜಮಾನ್ರೇ, ಇಲ್ಲಿ ಒಂದು ತಾಸು ಕೂತು ಚಿತ್ರ ಬರೀಲೇನ್ರಿ?" ಎಂದು ಕೇಳಿದಾಗ ಒಬ್ಬರು, "ಕೂತ್ಕೊಳ್ರಿ ಸರ್, ಆದ್ರೆ ಹತ್ತಕ್ಕೆ ಲೋಡು ಬರ್ತತಿ, ಲಾರಿ ಇಲ್ಲೇ ನಿಲ್ತತಿ" ಎಂದು ಮುಂಚೆಯೇ ಎಚ್ಚರಿಸಿದರು. ಆ ಮಾತಿನಿಂದಾಗಿ ನಾನು ಮೊದಲು ರಸ್ತೆಯ ಆಚೆಬದಿಯ ಕೆಳಭಾಗವನ್ನು ಬರೆದು ಮುಗಿಸಿ, ಲಾರಿ ಬಂದ ಮೇಲೆ ಅದರ ತಲೆಯ ಮೇಲಿಂದ ಕಾಣುವ ಮಹಡಿ, ತಂತಿ, ಬೋರ್ಡುಗಳಿಗೆ ಕೈ ಹಾಕಿದೆ.

ಮನೆಗೆ ಬಂದ ಮೇಲೆ ಫೋಟೊ ನೋಡಿ ಅಕ್ಷರ, ಕಿಟಕಿಯ ಸರಳುಗಳಂಥ ವಿವರಗಳನ್ನು ಸೇರಿಸುತ್ತೇನೆ. ಆದರೆ ಫೋಟೊ ತೆಗೆದ ಹೊತ್ತಿನ ನೆರಳು ಬೇರೆಯಾಗಿರಬಹುದಾದ್ದರಿಂದ, ನೆರಳನ್ನು ಬರೆದ ಗಂಟೆ ಮತ್ತು ಬೀದಿಯ ದಿಕ್ಕನ್ನು ಕಾಗದದ ಹಿಂಬದಿಯಲ್ಲಿ ಸ್ಥಳದಲ್ಲಿಯೇ ಬರೆದಿಟ್ಟುಕೊಳ್ಳುತ್ತೇನೆ.