ಮೈಸೂರಿಗೆ ‘ಇನ್ನೊಂದು’ ತಂಡ?

2025ರ ಆಗಸ್ಟ್ ತಿಂಗಳಿನಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ, ಕತ್ತಲಾಗುತ್ತಿದ್ದಂತೆ ಮಾನಸಗಂಗೋತ್ರಿಯ ಮರಗಳ ನೆತ್ತಿಯ ಮೇಲೆ ಬೆಳ್ಳನೆಯ ಬೆಳಕು ನಿಂತಿರುತ್ತಿತ್ತು. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನದಲ್ಲಿ (ನಮ್ಮಂಥ ಹಳಬರ ಬಾಯಲ್ಲಿ ಅದು ಇನ್ನೂ ಗಂಗೋತ್ರಿ ಗ್ಲೇಡ್ಸ್) ಮಹಾರಾಜ ಟ್ರೋಫಿಯ, ಅಂದರೆ ರಾಜ್ಯದ ಊರುಗಳ ಹೆಸರಿನ ತಂಡಗಳು ಆಡುವ ಕ್ರಿಕೆಟ್ ಲೀಗಿನ, ಟಿ–20 ಪಂದ್ಯಗಳು ನಡೆಯುತ್ತಿದ್ದವು. ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಮಂದಿ ಪ್ರಾಣ ಕಳೆದುಕೊಂಡ ಮೇಲೆ ಟೂರ್ನಿ ಇಲ್ಲಿಗೆ ಸ್ಥಳಾಂತರಗೊಂಡಿತ್ತು. ಇಡೀ ಟೂರ್ನಿಯೇ ನಮ್ಮ ಊರಿಗೆ ಬಂದಿತ್ತು, ಆದರೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಅಂಥ ದುರಂತದ ಬೆನ್ನಿಗೆ ತೆಗೆದುಕೊಂಡ ಆ ಎಚ್ಚರಿಕೆಯನ್ನು ನಾನು ಆಕ್ಷೇಪಿಸಲಾರೆ. ಒಂದು ಸಂಜೆ ಬೋಗಾದಿ ರಸ್ತೆಯ ಬದಿಯಲ್ಲಿ ನಿಂತು ಆ ಬೆಳಕನ್ನು ಸ್ವಲ್ಪ ಹೊತ್ತು ನೋಡಿ, ಮನೆಗೆ ಬಂದು, ಹತ್ತಿರದಲ್ಲೇ ನಡೆಯುತ್ತಿದ್ದ ಪಂದ್ಯವನ್ನು ಮೊಬೈಲಿನಲ್ಲಿ ನೋಡಿದೆ.

ಆ ದಿನಗಳಲ್ಲೇ ನಮ್ಮ ಬೀದಿಯ ಹುಡುಗನೊಬ್ಬ, ಕಾಲೇಜು ತಂಡದಲ್ಲಿ ಫುಟ್‌ಬಾಲ್ ಆಡುವವನು, ಗೇಟಿನ ಬಳಿ ನನ್ನನ್ನು ತಡೆದು ಕೇಳಿದ್ದ: “ಅಂಕಲ್, ಹತ್ತು ಲಕ್ಷ ಜನ ಇರೋ ಊರು ನಮ್ದು. ಕ್ರಿಕೆಟ್ ಟೀಮ್ ಹೆಂಗೂ ಇದೆ. ಇನ್ನೊಂದು ಫುಟ್‌ಬಾಲ್ ಟೀಮ್ ಸಾಕೋಕಾಗಲ್ವಾ?” ಬ್ಯಾಂಕಿನಲ್ಲಿ ಮೂರು ದಶಕ ಸಾಲದ ಅರ್ಜಿಗಳನ್ನು ಓದಿದವನಾದ್ದರಿಂದ ಇಂಥ ಪ್ರಶ್ನೆ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿಯೇ ಕಾಗದ ಹುಡುಕುತ್ತದೆ.

ಅಂದಾಜಿಗೆಂದು ಇಟ್ಟುಕೊಳ್ಳೋಣ: 25 ಆಟಗಾರರು, ತಲಾ ತಿಂಗಳಿಗೆ ಸರಾಸರಿ 50 ಸಾವಿರ ರೂಪಾಯಿ, ಎಂಟು ತಿಂಗಳ ಋತು. ಸಂಬಳವೇ ಒಂದು ಕೋಟಿಯಾಯಿತು. ಊರಿನಲ್ಲಿ 12 ಪಂದ್ಯಗಳು ನಡೆದು, ಪ್ರತಿ ಪಂದ್ಯಕ್ಕೂ 5 ಸಾವಿರ ಜನ 150 ರೂಪಾಯಿ ಕೊಟ್ಟು ಬಂದರೆ, ಅದೂ ಒಂದು ದಿನವೂ ಮಳೆ ಬಾರದೆ, ಒಬ್ಬರೂ ಪುಕ್ಕಟೆ ಪಾಸು ಕೇಳದೆ ಇದ್ದರೆ, ಕೈಗೆ ಬರುವುದು 90 ಲಕ್ಷ. (ಪಾಸು ಕೇಳದ ಮೈಸೂರಿಗರನ್ನು ನಾನು ಇನ್ನೂ ಕಂಡಿಲ್ಲ. ನಾನೂ ಕೇಳಿದ್ದೇನೆ.) ತರಬೇತುದಾರರು, ಫಿಸಿಯೋ, ಹೊರ ಊರಿನ ಪಂದ್ಯಗಳಿಗೆ ಪ್ರಯಾಣ, ಹೋಟೆಲು, ಮೈದಾನದ ಬಾಡಿಗೆ, ಪೊಲೀಸ್ ಬಂದೋಬಸ್ತು, ಇವು ಯಾವುವೂ ಈ ಲೆಕ್ಕಕ್ಕೆ ಇನ್ನೂ ಸೇರಿಲ್ಲ. ಸಾಲದ ಅರ್ಜಿಯಾಗಿದ್ದರೆ ಇಲ್ಲಿಗೇ ಫೈಲು ಮುಚ್ಚುತ್ತಿದ್ದೆ.

ಆದರೆ ಈ ಲೆಕ್ಕದಲ್ಲಿ ಒಂದು ದೋಷವಿದೆ. ಟಿಕೆಟ್ ಹಣವೊಂದರಿಂದಲೇ ಬದುಕುವ ವೃತ್ತಿಪರ ತಂಡ ಇವತ್ತು ಅಪರೂಪ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಆ ಹಣದಲ್ಲಿ ಪಾಲು ಪಡೆಯುವ ತಂಡಕ್ಕೆ ಗೇಟಿನ ಗಳಿಕೆ ಊಟದ ಜೊತೆಗಿನ ಉಪ್ಪಿನಕಾಯಿಯಷ್ಟೆ. ಅಮೆರಿಕದ ಗ್ರೀನ್ ಬೇ ಎಂಬ ಊರಿನ ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ಅಂದರೆ ನಮ್ಮ ಮಂಡ್ಯಕ್ಕಿಂತಲೂ ಚಿಕ್ಕದು. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಪ್ಯಾಕರ್ಸ್ ಒಬ್ಬ ಧಣಿಯ ಸ್ವತ್ತಲ್ಲ. 1923ರಿಂದಲೂ ಅದು ಸಾರ್ವಜನಿಕ ಷೇರುದಾರರದು. ಅದು ಇವತ್ತಿಗೂ ದೇಶದ ಅತಿ ದೊಡ್ಡ ಲೀಗಿನಲ್ಲಿ ಆಡುತ್ತಿರುವುದಕ್ಕೆ ಊರಿನವರ ಅಭಿಮಾನ ಒಂದು ಕಾರಣವಾದರೆ, ಆ ಲೀಗು ತನ್ನ ರಾಷ್ಟ್ರೀಯ ಟಿ.ವಿ. ಆದಾಯವನ್ನು ನ್ಯೂಯಾರ್ಕಿನ ತಂಡಕ್ಕೂ ಗ್ರೀನ್ ಬೇ ತಂಡಕ್ಕೂ ಸಮನಾಗಿ ಹಂಚುವುದು ಇನ್ನೊಂದು ಕಾರಣ. ಊರು ಚಿಕ್ಕದೋ ದೊಡ್ಡದೋ ಎಂದು ಕೇಳುವ ಮೊದಲು ಲೀಗಿನ ಬೊಕ್ಕಸದಲ್ಲಿ ಏನಿದೆ, ಅದನ್ನು ಹೇಗೆ ಹಂಚುತ್ತಾರೆ ಎಂದು ಕೇಳಬೇಕು.

ನಮ್ಮ ದೇಶದ ಫುಟ್‌ಬಾಲನ್ನೇ ನೋಡಿದರೆ, ಜನಸಂಖ್ಯೆಯ ವಾದ ಇನ್ನಷ್ಟು ದುರ್ಬಲವಾಗುತ್ತದೆ. ಇಂಡಿಯನ್ ಸೂಪರ್ ಲೀಗ್ ಆರಂಭವಾದ 2014ರಲ್ಲಿ ದೆಹಲಿಗೂ ಪುಣೆಗೂ ತಂಡಗಳಿದ್ದವು. 2019ರಲ್ಲಿ ಪುಣೆಯ ತಂಡ ಬಾಗಿಲು ಹಾಕಿತು, ಅದರ ಜಾಗಕ್ಕೆ ಹೈದರಾಬಾದ್ ಬಂತು. ಆ ಹೈದರಾಬಾದ್ ತಂಡ 2021–22ರಲ್ಲಿ ಚಾಂಪಿಯನ್ ಕೂಡ ಆಗಿ, 2025ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೊಸ ಹೆಸರಿನಲ್ಲಿ ದೆಹಲಿಗೆ ಹೋಯಿತು. ಮೂರೂ ಮಹಾನಗರಗಳೇ. ದೆಹಲಿಯ ಮೂಲ ತಂಡವಾದ ಡೈನಮೋಸ್ ಅದೇ 2019ರಲ್ಲಿ ಹೋಗಿದ್ದಾದರೂ ಎಲ್ಲಿಗೆ? ಭುವನೇಶ್ವರಕ್ಕೆ. 2011ರ ಜನಗಣತಿಯಲ್ಲಿ ಆ ನಗರದ ಜನಸಂಖ್ಯೆ 8.5 ಲಕ್ಷದ ಸಮೀಪ, ಅಂದರೆ ಸುಮಾರು 9 ಲಕ್ಷವಿದ್ದ ಮೈಸೂರಿಗಿಂತ ಒಂದು ಗುಂಜಿ ಕಡಿಮೆಯೇ. ಅಲ್ಲಿ ಕಳಿಂಗ ಕ್ರೀಡಾಂಗಣವಿತ್ತು, 2018ರಿಂದ ರಾಷ್ಟ್ರೀಯ ಹಾಕಿ ತಂಡಗಳಿಗೇ ಪ್ರಾಯೋಜಕವಾಗಿ ನಿಂತಿದ್ದ ರಾಜ್ಯ ಸರ್ಕಾರವಿತ್ತು. ಜೆಮ್‌ಶೆಡ್‌ಪುರವೂ ಮಧ್ಯಮ ಗಾತ್ರದ ಊರೇ. 2017ರಿಂದ ಅಲ್ಲಿನ ತಂಡವನ್ನು ಟಾಟಾ ಸ್ಟೀಲ್ ಸಾಕುತ್ತಿದೆ. ಆ ಹುಡುಗ ‘ಸಾಕೋಕೆ’ ಎಂದದ್ದು ಸರಿಯಾದ ಪದವೇ. ತಂಡ ಕಟ್ಟುವುದು ಆನೆ ಸಾಕಿದ ಹಾಗೆ. ಆನೆಗೆ ಅರಮನೆ ಬೇಕು, ಇಲ್ಲವೇ ಸರ್ಕಾರ ಬೇಕು, ಇಲ್ಲವೇ ಕಾರ್ಖಾನೆ ಬೇಕು.

ಮೈಸೂರಿನ ಕ್ರಿಕೆಟ್ ತಂಡವಾದ ವಾರಿಯರ್ಸ್‌ಗೆ ಅಂಥ ಒಡೆತನ ಊರೊಳಗಿನಿಂದಲೇ ಸಿಕ್ಕಿದೆ. ಸೈಕಲ್ ಬ್ರ್ಯಾಂಡ್ ಅಗರಬತ್ತಿಯ ಎನ್.ಆರ್. ಸಮೂಹ ಮಹಾರಾಜ ಟ್ರೋಫಿಗೂ ಮೊದಲಿದ್ದ ಕರ್ನಾಟಕ ಪ್ರೀಮಿಯರ್ ಲೀಗಿನ ದಿನಗಳಿಂದಲೂ ಅದನ್ನು ನಡೆಸಿಕೊಂಡು ಬಂದಿದೆ. ಹಾಗಿದ್ದರೆ ತೊಂದರೆ ಎಲ್ಲಿದೆ? ತಂಡ ಊರಿನಲ್ಲಿ ಇರುವುದಿಲ್ಲ ಎಂಬುದರಲ್ಲಿದೆ. ಮಹಾರಾಜ ಟ್ರೋಫಿಯ ಮೊದಲ ವರ್ಷ, ಅಂದರೆ 2022ರಲ್ಲಿ, ಟೂರ್ನಿಯ ಮೊದಲ ಭಾಗ ಇಲ್ಲಿ ನಡೆದು ಉಳಿದದ್ದು ಬೆಂಗಳೂರಿಗೆ ಹೋಯಿತು. ಮರುವರ್ಷದಿಂದ ಪೂರ್ತಿ ಬೆಂಗಳೂರಿನ ಪಾಲಾಯಿತು. 2024ರಲ್ಲಿ ಕರುಣ್ ನಾಯರ್ ನಾಯಕತ್ವದಲ್ಲಿ ವಾರಿಯರ್ಸ್ ಟ್ರೋಫಿ ಎತ್ತಿದ್ದು ಚಿನ್ನಸ್ವಾಮಿಯಲ್ಲಿ. ಗೆದ್ದ ವರ್ಷ ಆಟ ಅಲ್ಲಿ, ಆಟ ಇಲ್ಲಿಗೆ ಬಂದ ವರ್ಷ ಗೇಟಿಗೆ ಬೀಗ. ಇದು ಮೈಸೂರಿನೊಂದರ ಹಣೆಬರಹವೇನೂ ಅಲ್ಲ. ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್ 2017ರಲ್ಲಿ ತನ್ನ ‘ತವರಿನ’ ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ. ಹೆಸರಿನಲ್ಲಿ ಮಾತ್ರ ಊರಿರುವ ತಂಡವನ್ನು ಊರಿನವರು ಬೆಂಬಲಿಸಲಿಲ್ಲ ಎಂದು ದೂರುವುದು, ಊಟಕ್ಕೆ ಕರೆಯದೇ ಬಂದಿಲ್ಲವೆಂದು ಮುನಿಸಿಕೊಂಡಂತೆ.

ಹಾಗಾದರೆ ಮೈಸೂರಿನಲ್ಲಿ ಪ್ರೇಕ್ಷಕರೆಂಬುವರು ಇದ್ದಾರೆಯೇ ಎಂದು ಕೇಳುವವರು ದಸರಾ ಕುಸ್ತಿಗೆ ಒಮ್ಮೆ ಬರಬೇಕು. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ, ಪಂದ್ಯಗಳಿಗೆ ಮೊದಲೇ ಒಂದು ದಿನ ‘ಜೋಡಿ ಕಟ್ಟುವುದು’ ನಡೆಯುತ್ತದೆ. ಯಾರ ಎದುರು ಯಾರು ಎಂದು ಪೈಲ್ವಾನರನ್ನು ಕೈ ಹಿಡಿದು ನಿಲ್ಲಿಸಿ ಹೊಂದಿಸುವ ಕೆಲಸ ಅದು. ಅದನ್ನು ನೋಡುವುದಕ್ಕೇ ಜನ ಸೇರುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಅಖಾಡಕ್ಕೆ ಇಳಿದ ಪ್ರತಿಯೊಬ್ಬ ಹುಡುಗನ ಹೆಸರಿಗೆ ಮೊದಲು ಅವನ ಗರಡಿ ಯಾವುದು, ಉಸ್ತಾದ್ ಯಾರು, ಆ ಉಸ್ತಾದ್ ತನ್ನ ಕಾಲದಲ್ಲಿ ಯಾರನ್ನು ಚಿತ್ ಮಾಡಿದ್ದ ಎಂಬುದನ್ನು ಒಪ್ಪಿಸುತ್ತಿದ್ದರು. ತಮ್ಮ ಮೊಹಲ್ಲಾದ ಹುಡುಗ ಕೆಮ್ಮಣ್ಣು ತೆಗೆದು ಎದುರಾಳಿಯ ಭುಜಕ್ಕೆ ಸವರಿದಾಗ ಅವರು ಎದ್ದು ನಿಂತವರು ಜೋಡಿ ಮುಗಿಯುವವರೆಗೂ ಕೂರಲಿಲ್ಲ. ಹಿಂದಿನ ಸಾಲಿನವರು ಎಷ್ಟು ಗದರಿದರೂ ಅವರಿಗೆ ಕೇಳಿಸಲಿಲ್ಲ. ಯಾವ ಜಾಹೀರಾತಿಗೂ ಕೊಳ್ಳಲಾಗದ ಅಭಿಮಾನ ಅದು. ಅದರ ಬೇರು ‘ಮೈಸೂರು’ ಎಂಬ ದೊಡ್ಡ ಹೆಸರಿನಲ್ಲಿಲ್ಲ, ಬೀದಿಯ ಕೊನೆಯಲ್ಲಿರುವ ಗರಡಿಮನೆಯಲ್ಲಿದೆ. ಅಲ್ಲಿ ಆ ಹುಡುಗ ಸಾಮು ಮಾಡುವುದನ್ನು ಜನ ನಿತ್ಯ ಕಂಡಿರುತ್ತಾರೆ.

ಇನ್ನು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ. 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆಯಾದ ಮೇಲೆ ಬೆಂಗಳೂರು ಒಂದೂವರೆ ಗಂಟೆಯ ದಾರಿಯಾಗಿದೆ. ದೇವರಾಜ ಅರಸು ರಸ್ತೆಯಲ್ಲಿ ಆರ್‌ಸಿಬಿಯ ಕೆಂಪು ಅಂಗಿ ತೊಟ್ಟವರನ್ನು ಹುಡುಕಬೇಕಾಗಿಲ್ಲ. ವಾರಿಯರ್ಸ್ ಅಂಗಿ ತೊಟ್ಟವರನ್ನು ನಾನು ಹುಡುಕಿದರೂ ಕಂಡದ್ದು ಕಡಿಮೆ. ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಪಂದ್ಯಕ್ಕೆ ಮಧ್ಯಾಹ್ನ ಊಟ ಮಾಡಿ ಹೊರಟು ರಾತ್ರಿ ಮನೆಗೆ ಮರಳಬಹುದಾದ ಊರಿನಲ್ಲಿ, ಎರಡನೆಯ ದರ್ಜೆಯ ಲೀಗಿನ ಫುಟ್‌ಬಾಲ್ ತಂಡವನ್ನು ಎಂಟು ತಿಂಗಳು ನೋಡುವ 5 ಸಾವಿರ ಜನ ಪ್ರತಿ ಬಾರಿಯೂ ಸಿಗುತ್ತಾರೆಂದು ನಾನು ನಂಬಲಾರೆ. ಫುಟ್‌ಬಾಲಿನ ಮಟ್ಟಿಗೆ ನನ್ನ ಉತ್ತರ ಸದ್ಯಕ್ಕೆ ಇಲ್ಲ ಎಂದೇ.

ಕಬಡ್ಡಿ, ವಾಲಿಬಾಲ್‌ಗಳ ವಿಷಯ ಬೇರೆ. ಮಂಡ್ಯ, ಚಾಮರಾಜನಗರ, ಹಾಸನಗಳ ಹಳ್ಳಿಹಳ್ಳಿಯಲ್ಲೂ ಹಬ್ಬಕ್ಕೊಂದು ಕಬಡ್ಡಿ ಟೂರ್ನಿ ನಡೆಯುತ್ತದೆ; ಆಟ ಗೊತ್ತಿರುವ, ಬಸ್ಸು ಹತ್ತಿ ಬರಬಲ್ಲ ಪ್ರೇಕ್ಷಕರು ಸುತ್ತಲೂ ಇದ್ದಾರೆ. ತಂಡ ಚಿಕ್ಕದು, ಋತು ಚಿಕ್ಕದು, ಒಳಾಂಗಣವಾದರೆ ಮಳೆಯ ಹಂಗಿಲ್ಲ. ಆದರೆ ಲೀಗು ಐದಾರು ಪಂದ್ಯಗಳನ್ನಾದರೂ ಇಲ್ಲಿಯೇ ಆಡಿಸುವ ಕರಾರು ಮಾಡಿಕೊಳ್ಳಬೇಕು. ಎಲ್ಲ ತಂಡಗಳನ್ನೂ ಮೂರು ಮಹಾನಗರಗಳಲ್ಲಿ ಸುತ್ತಿಸಿ, ಪರದೆಯ ಮೇಲೆ ಮಾತ್ರ ಊರಿನ ಹೆಸರು ಬರೆಯುವುದಾದರೆ, ಅಂಥ ತಂಡಕ್ಕೆ ಮೈಸೂರಿನ ಹೆಸರು ಬೇಡವೆಂದೇ ನನ್ನ ಮನವಿ.

ಅದಕ್ಕೂ ಮೊದಲು, ಇರುವ ತಂಡ ಮನೆಗೆ ಬರಲಿ. ವಾರಿಯರ್ಸ್‌ಗೆ ಲೀಗ್ ಹಂತದಲ್ಲಿ 10 ಪಂದ್ಯಗಳು. ಅವುಗಳಲ್ಲಿ ಐದನ್ನು ಪ್ರತಿ ವರ್ಷ ಗಂಗೋತ್ರಿಯಲ್ಲಿ, ಜನರ ಎದುರಿಗೆ, ಟಿಕೆಟ್ ಇಟ್ಟು ಆಡಿಸಲಿ; ತಾತ್ಕಾಲಿಕ ಗ್ಯಾಲರಿಗಳ ಬದಲು, ಬರುವ ದಾರಿ ಹೋಗುವ ದಾರಿ ಬೇರೆ ಬೇರೆ ಇರುವ ಕಾಯಂ ಆಸನಗಳು ಬರಲಿ. ಮೂರು ವರ್ಷ ಆ ಐದು ಸಂಜೆಗಳ ಹಾಜರಿ ಪುಸ್ತಕ ನೋಡಿದರೆ ‘ಇನ್ನೊಂದು’ ತಂಡದ ಅರ್ಜಿಯನ್ನು ಪರಿಶೀಲಿಸಬಹುದು.

ಇಷ್ಟನ್ನೂ ಹುಡುಗನಿಗೆ ಹೇಳಿ ಲೆಕ್ಕದ ಕಾಗದ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, “ಅಂಕಲ್, ಟಿಕೆಟ್ಟು ನೂರೈವತ್ತು ಅಂತ ಹಾಕಿದೀರಲ್ಲ, ನೀವು ಕೊಡ್ತೀರಾ?” ಎಂದ. ಕೊಡುತ್ತೇನೆ ಎಂದೆ. “ಹನ್ನೆರಡು ಸಲಾನೂ?” ಎಂದ. ನಾನು ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡೆ.